ಹೆಗಡೆ, ಹೆಗ್ಡೆ, ಹೆಗ್ಗಡೆ: ಹೆಸರು ಒಂದೇ, ಮನೆತನವೂ ಒಂದೇನಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಸಾಗರ ತಾಲ್ಲೂಕು, ತಾಳಗುಪ್ಪದಿಂದ ಸ್ವಲ್ಪ ಒಳಗೆ. ಅಜ್ಜ ಹೆಗಡೆ ಅಂತ ಬರ್ಕೊಳ್ತಿದ್ರು, ಅಪ್ಪನ ಹೆಸರಲ್ಲಿ ಬರೀ ಇನಿಶಿಯಲ್ಲು, ನಾನು ಬೆಂಗಳೂರಿಗೆ ಬಂದ್ಮೇಲೆ ಮತ್ತೆ ಹೆಗ್ಡೆ ಸೇರಿಸ್ಕೊಂಡೆ. ಆಫೀಸಲ್ಲಿ ಕಾರ್ಕಳ ಕಡೆಯ ಇನ್ನೊಬ್ರು ಹೆಗ್ಡೆ ಇದಾರೆ, ಅವರು ಬಂಟರು, ನಾವು ಹವ್ಯಕರು. ನೀವಿಬ್ರೂ ನೆಂಟರಾ ಅಂತ ಎಲ್ರೂ ಕೇಳ್ತಾರೆ. ಮಗಳಿಗೆ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದಾರೆ, ಈ ಸರ್‌ನೇಮಿನ ಅರ್ಥ ಏನು, ಮೊದಲು ಯಾರದ್ದು, ಯಾಕೆ ಇಷ್ಟೊಂದು ಜನಕ್ಕಿದೆ? ಇನ್ನೊಂದು ವಿಷಯ, ನಮ್ಮ ತೋಟದ ಮೇಲ್ಗಡೆ ಬ್ಯಾಣದಲ್ಲಿ, ಅಂದ್ರೆ ಹುಲ್ಲು ಬೆಳೆಯೋ ಜಾಗದಲ್ಲಿ, ಒಂದು ಕೆತ್ತಿದ ಕಲ್ಲಿದೆ, ಅಜ್ಜ ಅದನ್ನ ಹೆಗಡೆ ಕಲ್ಲು ಅಂತಿದ್ರು. ಅದಕ್ಕೂ ನಮಗೂ ಏನಾದ್ರೂ ಸಂಬಂಧ ಇರಬಹುದಾ?

ಉತ್ತರ: ಹೆಗಡೇರೇ ನಮಸ್ಕಾರ. ನಿಮ್ಮ ಪತ್ರ ಓದಿ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ಅಜ್ಜ, ಅಪ್ಪ, ನೀವು ಮೂರು ತಲೆಮಾರು ಹೆಸರನ್ನ ಮೂರು ಥರ ಬರ್ದಿದೀರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಮಗಳಿಗೆ ಬೇಕಾಗಿರೋದು. ಹೆಗಡೆ ಅನ್ನೋದು ಒಂದು ಹುದ್ದೆ. ಈಗ ತಹಶೀಲ್ದಾರ್ರು, ಮ್ಯಾನೇಜರ್ರು ಅಂತೀವಲ್ಲ, ಹಾಗೆ. ಊರಿಗೋ ಸೀಮೆಗೋ ಅರಮನೆಗೋ ಸುಂಕದ ಕಟ್ಟೆಗೋ ಮೇಲುಸ್ತುವಾರಿ ನೋಡ್ಕೊಳ್ತಿದ್ದ ಹಿರೀ ಅಧಿಕಾರಿನ ಹಾಗೆ ಕರೀತಿದ್ರು. ಆ ಕೆಲಸ ಬೇರೆ ಬೇರೆ ಕಡೆ ಬೇರೆ ಬೇರೆ ಜನಕ್ಕೆ ಸಿಕ್ತು, ಕಾಲ ಹೋದ ಹಾಗೆ ಕೆಲಸ ಹೋಯ್ತು, ಕರೆಯೋ ಹೆಸರು ಮಾತ್ರ ಮಕ್ಕಳು ಮೊಮ್ಮಕ್ಕಳಿಗೆ ಉಳ್ಕೊಂತು. ಹಾಗಾಗಿ ನೀವೂ ಕಾರ್ಕಳದ ಹೆಗ್ಡೇರೂ ನೆಂಟರಲ್ಲ. ಇಬ್ರ ಹಿಂದಿನವರೂ ಒಂದೇ ಥರದ ಜವಾಬ್ದಾರಿ ಹೊತ್ತಿದ್ದವರು, ಅಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು.

ಈಗ ಶಬ್ದದ ಹುಟ್ಟು. ಇದರ ಹಳೇ ರೂಪ ಪೆರ್ಗಡೆ. ಪೆರ್ ಅಂದ್ರೆ ಹಿರಿದು, ದೊಡ್ಡದು, ಹಳಗನ್ನಡದ ಪಿರಿಯ ಇದೆಯಲ್ಲ, ಅದೇ ಕುಟುಂಬದ ಮಾತು. ಕನ್ನಡದಲ್ಲಿ ಸುಮಾರು 10ನೇ ಶತಮಾನದ ಆಚೀಚೆ ಶಬ್ದದ ಮೊದಲಿನ ಪಕಾರ ಹಕಾರ ಆಗೋಕೆ ಶುರುವಾಯ್ತು, ಪಾಲು ಹಾಲಾಯ್ತು, ಪುಲಿ ಹುಲಿ ಆಯ್ತು, ಪೂ ಹೂ ಆಯ್ತು, ಹಾಗೇ ಪೆರ್ಗಡೆ ಹೆರ್ಗಡೆ ಆಗಿ, ಆಮೇಲೆ ಆ ರ್ ಅನ್ನೋದು ಮುಂದಿನ ಅಕ್ಷರದೊಳಗೆ ಕರಗಿ ಹೆಗ್ಗಡೆ ಆಯ್ತು. ಈ ಕರಗೋದು ನಮ್ಮ ದಿನದ ಮಾತಲ್ಲೇ ಎಷ್ಟು ಕಡೆ ಇದೆ ನೋಡಿ: ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ, ಹೆಬ್ಬೆರಳು, ಹೆಬ್ಬಾವು, ಹೆಜ್ಜೇನು. ಎಲ್ಲದರ ಮುಂದೆಯೂ ಇರೋದು ಅದೇ ಪೆರ್. ಮಗಳಿಗೆ ಹೇಳಿ, ಹೆಜ್ಜೇನು ಅಂದ್ರೆ ದೊಡ್ಡ ಜೇನು, ಹೆಗ್ಗಡೆ ಅಂದ್ರೆ ದೊಡ್ಡ ಮನುಷ್ಯ, ಎರಡಕ್ಕೂ ತಲೆ ಒಂದೇ. ಪ್ರಾಜೆಕ್ಟಿಗೆ ಇದೊಂದು ಉದಾಹರಣೆ ಬರೆದ್ರೆ ಟೀಚರಿಗೂ ಇಷ್ಟ ಆಗುತ್ತೆ. ಉಡುಪಿ ಕಡೆ ಹೆಬ್ಬಾರ್ ಅಂತ ಇದಾರಲ್ಲ, ಅದೂ ಇದೇ ಗುಂಪಿನ ಹೆಸರು, ಹೆಬ್ಬಾರುವ ಅಂದ್ರೆ ಹಿರಿಯ ಹಾರುವ. ಹೆಗಲಿಗೂ ಹೆಗಡೆಗೂ ಗಂಟು ಹಾಕಿ ಊರಿನ ಭಾರ ಹೆಗಲ ಮೇಲೆ ಹೊತ್ತವನು ಅಂತ ಅರ್ಥ ಹೇಳೋರು ಸಿಗ್ತಾರೆ, ಕೇಳೋಕೆ ಚಂದ, ಆದ್ರೆ ಹಳೇ ರೂಪ ಪೆರ್ಗಡೆ ಅಂತ ಶಾಸನದ ಕಲ್ಲಲ್ಲೇ ಕೂತಿರೋವಾಗ ಆ ಅರ್ಥ ನಿಲ್ಲೋದಿಲ್ಲ.

ಹೆಗ್ಗಡೆ ಹೆಗಡೆ ಆಗಿದ್ದು, ಹೆಗಡೆ ಹೆಗ್ಡೆ ಆಗಿದ್ದು ಇದರಷ್ಟು ದೊಡ್ಡ ಕಥೆ ಅಲ್ಲ, ನಾವು ಹುಡುಗನ್ನ ಹುಡ್ಗ ಅಂತೀವಿ, ಕೆಲಸನ ಕೆಲ್ಸ ಅಂತೀವಿ, ಅದೇ ರೀತಿ. ಬರವಣಿಗೆಯಲ್ಲಿ ಮಾತ್ರ ಒಂದು ರೂಢಿ ಕಾಣುತ್ತೆ. ಶಿರಸಿ, ಸಿದ್ದಾಪುರ, ನಿಮ್ಮ ಸಾಗರ ಕಡೆ ಹೆಗಡೆ ಅಂತ ಬರೆಯೋದು ಜಾಸ್ತಿ, ಉಡುಪಿ ಮಂಗಳೂರು ಕಡೆ ಹೆಗ್ಡೆ, ತೀರ್ಥಹಳ್ಳಿ ಕೊಪ್ಪದ ಹಳೇ ಮನೆಗಳಲ್ಲಿ ಮತ್ತೆ ಧರ್ಮಸ್ಥಳದಲ್ಲಿ ಹೆಗ್ಗಡೆ. ಇದೇನು ಕಟ್ಟುನಿಟ್ಟಿನ ನಿಯಮ ಅಲ್ಲ, ಆದ್ರೆ ಬರೀ ಕಾಗುಣಿತ ನೋಡಿನೇ ಯಾವ ಕಡೆಯವರು ಅಂತ ಎಷ್ಟೋ ಸಲ ಊಹೆ ಮಾಡಬಹುದು.

ಶಾಸನಗಳಲ್ಲಿ ಈ ಮಾತು ಎಷ್ಟು ಸಲ ಬರುತ್ತೆ ಅಂದ್ರೆ ನಮ್ಮ ಜಿಲ್ಲೆಯ ಶಾಸನ ಓದೋಕೆ ಕೂತ್ರೆ ಹೆಗ್ಗಡೆ ಸಿಗದೇ ಎದ್ದೇಳೋದು ಕಷ್ಟ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನಗಳ ಸಂಗ್ರಹದಲ್ಲಿ ಶಿವಮೊಗ್ಗ ಜಿಲ್ಲೆಗೇ ಎರಡು ಸಂಪುಟ ಕೊಟ್ರು, 1902ರಲ್ಲಿ ಏಳನೇದು, 1904ರಲ್ಲಿ ಎಂಟನೇದು. ಸಾಗರ, ಸೊರಬ, ನಗರ, ತೀರ್ಥಹಳ್ಳಿ ಎಲ್ಲ ಆ ಎಂಟನೇ ಸಂಪುಟದಲ್ಲಿದೆ. ಶಾಸನಗಳಲ್ಲಿ ಈ ಪದವಿ ಒಂದೊಂದು ಕಡೆ ಒಂದೊಂದು ಕೆಲಸದ ಜೊತೆ ಬರುತ್ತೆ. ಅರಮನೆ ವ್ಯವಹಾರ ನೋಡೋನು ಮನೆವೆರ್ಗಡೆ. ಮನೆ, ಪೆರ್ಗಡೆ ಸೇರಿದಾಗ ಪಕಾರ ವಕಾರ ಆಗಿದೆ ಅಷ್ಟೆ, ಮಹಾಪ್ರಧಾನ, ದಂಡನಾಯಕ ಅನ್ನೋ ದೊಡ್ಡ ಬಿರುದುಗಳ ಸಾಲಲ್ಲೇ ಈ ಮನೆವೆರ್ಗಡೆನೂ ಬರುತ್ತೆ, ಅಂದ್ರೆ ಸಣ್ಣ ಕೆಲಸ ಅಲ್ಲ. ಸುಂಕ ಎತ್ತೋ ಇಲಾಖೆ ನೋಡೋನು ಸುಂಕದ ಹೆಗ್ಗಡೆ. ಇನ್ನೊಂದು ಸ್ವಾರಸ್ಯ ಅಂದ್ರೆ ಅವರು ಎತ್ತುತಿದ್ದ ಒಂದು ಸುಂಕದ ಹೆಸರೂ ಪೆರ್ಜುಂಕ, ಹೆಜ್ಜುಂಕ, ದೊಡ್ಡ ಸುಂಕ, ಮತ್ತೆ ಅದೇ ಪೆರ್! ಆಗ ಬನವಾಸಿ ಪನ್ನಿರ್ಚ್ಛಾಸಿರದ, ಅಂದ್ರೆ ಬನವಾಸಿ ಹನ್ನೆರಡು ಸಾವಿರ ಅನ್ನೋ ಸೀಮೆಯ, ರಾಜಧಾನಿ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಈಗ ಕೇದಾರೇಶ್ವರ ದೇವಸ್ಥಾನ ನೋಡೋಕೆ ಹೋದವರು ಫೋಟೋ ತೆಗೆದು ವಾಪಸ್ ಬಂದ್ಬಿಡ್ತಾರೆ, ಅದೊಂದು ದೊಡ್ಡ ಪೇಟೆ ಆಗಿತ್ತು, ಹೇರು ಹೇರು ಸರಕು ಬಂದು ಇಳೀತಿತ್ತು, ಲೆಕ್ಕ ಇಡೋಕೆ, ಸುಂಕ ಎತ್ತೋಕೆ, ಅದರಲ್ಲಿ ಇಷ್ಟು ದೇವಸ್ಥಾನಕ್ಕೆ ಅಂತ ಬಿಟ್ಟುಕೊಡೋಕೆ ಅಧಿಕಾರಿಗಳು ಇರ್ಲೇಬೇಕಿತ್ತು ಅನ್ನೋದನ್ನ ಯೋಚಿಸಿದ್ರೆ ಆ ಕಲ್ಲುಗಳು ಬೇರೆ ಥರ ಕಾಣ್ತವೆ.

ಹೆಂಗಸರಿಗೆ ಹೆಗ್ಗಡಿತಿ ಅಂತ ಬೇರೆ ಮಾತಿತ್ತು. ಗೌಡಂಗೆ ಗೌಡ್ತಿ ಇದ್ದ ಹಾಗೆ. ಸರ್‌ನೇಮ್ ಅಂತ ಆದ ಮೇಲೆ ಆ ರೂಪನೇ ಮಾಯ ಆಗಿ ಗಂಡಸಿಗೂ ಹೆಂಗಸಿಗೂ ಹೆಗ್ಡೆ ಒಂದೇ ಆಗ್ಹೋಯ್ತು. ನನಗೆ ಇದು ಯಾವತ್ತೂ ಬೇಜಾರಿನ ವಿಷಯ, ಅಷ್ಟು ಗತ್ತಿನ ಮಾತು, ಬಾಯಿಂದನೇ ಬಿದ್ದು ಹೋಯ್ತಲ್ಲ ಅಂತ.

ಹುದ್ದೆ ಅಂತ ಹೇಳಿದ್ನಲ್ಲ, ಅದಕ್ಕೆ ಕಣ್ಣೆದುರಿನ ಸಾಕ್ಷಿ ಬೇಕಂದ್ರೆ ಧರ್ಮಸ್ಥಳ ನೋಡಿ. ಅಲ್ಲಿಯ ಸ್ಥಳಪುರಾಣದಲ್ಲಿ ಬರೋ ಮೂಲ ಪುರುಷರ ಹೆಸರು ಬಿರ್ಮಣ್ಣ ಪೆರ್ಗಡೆ, ನೆಲ್ಯಾಡಿ ಬೀಡಿನವರು, ಹೆಂಡತಿ ಅಮ್ಮು ಬಲ್ಲಾಳ್ತಿ. ಪೆರ್ಗಡೆ! ಕನ್ನಡದಲ್ಲಿ ಪಕಾರ ಹೋದ್ರೂ ತುಳುವಿನಲ್ಲಿ ಹೋಗ್ಲಿಲ್ಲ, ನಮ್ಮ ಹುಲಿ ಅವರಿಗೆ ಇವತ್ತಿಗೂ ಪಿಲಿ, ಹಾಗಾಗಿ ಹಳೇ ರೂಪ ಅಲ್ಲಿ ಜೋಪಾನವಾಗಿ ಉಳ್ಕೊಂಡಿದೆ. ಈಗಿನ ಧರ್ಮಾಧಿಕಾರಿಗಳು 1968ರಲ್ಲಿ ಪಟ್ಟಕ್ಕೆ ಬಂದ ಮೇಲೆ ವೀರೇಂದ್ರ ಹೆಗ್ಗಡೆ, ಅವರ ತಮ್ಮಂದಿರ ಹೆಸರಲ್ಲಿ ಹೆಗ್ಗಡೆ ಇಲ್ಲ, ಕುಮಾರ್ ಅಂತಷ್ಟೇ ಇದೆ. ಒಂದೇ ತಾಯಿ ಮಕ್ಕಳು, ಆದ್ರೆ ಹೆಗ್ಗಡೆ ಅನ್ನೋದು ಪೀಠದಲ್ಲಿ ಕೂತವರಿಗೆ ಮಾತ್ರ. ಸಾವಿರ ವರ್ಷದ ಹಿಂದೆ ಈ ಮಾತು ಹೆಂಗೆ ಕೆಲಸ ಮಾಡ್ತಿತ್ತೋ ಅಲ್ಲಿ ಇವತ್ತೂ ಹಂಗೇ ಮಾಡ್ತಿದೆ. ಅವರು ಜೈನರು ಅನ್ನೋದೂ ಗಮನಿಸಿ.

ಹವ್ಯಕರು, ಬಂಟರು, ಜೈನರು ಆಯ್ತು. ನಮ್ಮ ಮಲೆನಾಡಿನ ಒಕ್ಕಲಿಗರನ್ನ ಬಿಟ್ರೆ ಉತ್ತರ ಅರ್ಧ ಆಗುತ್ತೆ, ಹೊರಗಿನವರಿಗೆ ಇದು ಗೊತ್ತೇ ಇರಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯ ಒಕ್ಕಲಿಗರ ದೊಡ್ಡ ಮನೆಗಳಲ್ಲಿ ಗೌಡರಷ್ಟೇ ಸಹಜವಾಗಿ ಹೆಗ್ಗಡೇರೂ ಇದ್ರು. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಓದಿದೋರಿಗೆ ಹಳೆಮನೆ ಸುಬ್ಬಣ್ಣ ಹೆಗ್ಗಡೇರು ನೆನಪಿರ್ತಾರೆ, ಅವರು ಒಕ್ಕಲಿಗರೇ. ಚಿಕ್ಕಮಗಳೂರಿನ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಹೆಗ್ಡೆ ಇದ್ರಲ್ಲ, ಅವರ ಹೆಸರಲ್ಲಿದ್ದ ಹೆಗ್ಡೆನೂ ಈ ಕಡೆದು. ಎಷ್ಟೋ ಜನ ಅವರನ್ನ ಬಂಟರು ಅಂತ್ಲೇ ತಿಳ್ಕೊಂಡಿದ್ರು. ಕೊಡಗಿನಲ್ಲಿ ಹೆಗ್ಗಡೆ ಅನ್ನೋ ಹೆಸರಿನ ಒಂದು ಸಣ್ಣ ಸಮುದಾಯನೇ ಇದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಬಿಡಿಸಿ ಹೇಳಿ, ಹೆಗ್ಗಡದೇವನಕೋಟೆ. ಕುಮಟಾ ಪಕ್ಕ ಹೆಗಡೆ ಅಂತ ಊರೇ ಇದೆ, ಹಾಗಂತ ಹೆಗಡೇರೆಲ್ಲ ಆ ಊರಿಂದ ಬಂದವರಲ್ಲ.

ಹಾಗಾಗಿ ಮೊದಲು ಯಾರದ್ದು ಅನ್ನೋ ಪ್ರಶ್ನೆಗೆ ಯಾವುದೇ ಒಂದು ಜಾತಿ ಹೆಸರು ಹೇಳಿದ್ರೂ ಅದು ತಪ್ಪು. ನಿಮ್ಮ ಕಡೆಯದನ್ನೇ ತಗೊಳ್ಳಿ, ಹವ್ಯಕರಲ್ಲಿ ಪೌರೋಹಿತ್ಯ ಮಾಡ್ಕೊಂಡಿದ್ದ ಮನೆಗಳಿಗೆ ಭಟ್ಟ, ಊರ ಯಜಮಾನಿಕೆ ನೋಡ್ತಿದ್ದ ಮನೆಗೆ ಹೆಗಡೆ, ಲೆಕ್ಕಪತ್ರದ ಮನೆಗೆ ಶಾನಭಾಗ, ಹಿಂಗೆ ಮಾಡ್ತಿದ್ದ ಕೆಲಸದ ಮೇಲೆ ಹೆಸರು. ಒಂದೇ ಮೂಲದ ಎರಡು ಕವಲು, ಅಣ್ಣನ ಕಡೆಯವರು ಭಟ್ಟರು, ತಮ್ಮನ ಕಡೆಯವರು ಹೆಗಡೇರು, ಇಬ್ರದ್ದೂ ಗೋತ್ರ ಒಂದೇ, ಅಂಥ ಮನೆಗಳನ್ನ ನಾನೇ ನೋಡಿದೀನಿ. ಅದಕ್ಕೇ ಹೆಗಡೆ ಮನೆ ಹುಡ್ಗಿ ಇನ್ನೊಂದು ಹೆಗಡೆ ಮನೆಗೆ ಸೊಸೆಯಾಗಿ ಹೋಗೋದು ನಿಮ್ಮಲ್ಲಿ ದಿನಾ ನಡೆಯೋ ವಿಷಯ, ಮದುವೆ ಮಾತು ಬಂದಾಗ ಯಾರೂ ಸರ್‌ನೇಮ್ ಕೇಳಲ್ಲ, ಗೋತ್ರ ಕೇಳ್ತಾರೆ. ಬಂಟರಲ್ಲಿ ಬಳಿ ಕೇಳ್ತಾರೆ, ಅದು ತಾಯಿ ಕಡೆಯಿಂದ ಬರೋದು. ಅಳಿಯಕಟ್ಟಿನ ಮನೆಗಳಲ್ಲಿ, ಅಂದ್ರೆ ತಾಯಿ ಕಡೆಯಿಂದ ವಂಶ ನಡೆಯೋ ಮನೆಗಳಲ್ಲಿ, ಸೋದರಮಾವನ ಹೆಸರು ಅಳಿಯನಿಗೆ ಬಂದು ಅಪ್ಪ ಶೆಟ್ಟಿ ಮಗ ಹೆಗ್ಡೆ ಆಗಿರೋದೂ ಉಂಟು. ಇದನ್ನ ನಿಮ್ಮ ಆಫೀಸಿನವರಿಗೆ ಹೇಳಿದ್ರೆ ಸಾಕು, ನೆಂಟರಾ ಅಂತ ಕೇಳೋದು ನಿಲ್ಲುತ್ತೆ.

ಸಾಗರ, ನಗರ, ತೀರ್ಥಹಳ್ಳಿ ಕಡೆ ಈ ಹೆಸರುಗಳು ಗಟ್ಟಿ ಆಗೋಕೆ ಕೆಳದಿ ಅರಸರ ಕಾಲನೂ ಕಾರಣ ಅಂತ ನನ್ನ ಅಭಿಪ್ರಾಯ. ಕೆಳದಿ, ಇಕ್ಕೇರಿ, ಬಿದನೂರು ಅಂತ ರಾಜಧಾನಿ ಬದಲಾಯಿಸ್ತಾ 1763ರಲ್ಲಿ ಹೈದರಾಲಿ ಬಿದನೂರು ಹಿಡಿಯೋವರೆಗೂ ಅವರೇ ಆಳಿದ್ದು. 1645ರಿಂದ 1660ರವರೆಗೆ ಇದ್ದ ಶಿವಪ್ಪನಾಯಕ ಭೂಮಿನ ಬೆಳೆ ನೋಡಿ ತರ ತರ ಮಾಡಿ ಕಂದಾಯ ಕಟ್ಟಿದ್ನಲ್ಲ, ಶಿವಪ್ಪನಾಯಕನ ಶಿಸ್ತು ಅಂತಾರೆ, ಅಡಿಕೆ ತೋಟಕ್ಕೆ ಸಾವಿರ ಮರದ ಲೆಕ್ಕ. ಅಂಥ ಲೆಕ್ಕ ನಡೀಬೇಕಂದ್ರೆ ಊರೂರಲ್ಲೂ ಜವಾಬ್ದಾರಿ ಹೊರೋ ಒಂದೊಂದು ಮನೆ ಬೇಕು. ಗೌಡ, ಶಾನುಭೋಗ, ಹೆಗಡೆ ಎಲ್ಲ ಹಾಗೆ ವಂಶಕ್ಕೆ ಅಂಟಿಕೊಂಡ ಹೆಸರುಗಳು. ಊರ ಪಟೇಲಿಕೆ, ಶಾನುಭೋಗಿಕೆ ಅಪ್ಪನಿಂದ ಮಗನಿಗೆ ಬರೋ ಪದ್ಧತಿನ ಸರ್ಕಾರ 1961ರ ಕಾಯ್ದೆ ತಂದು ತೆಗೆದು ಹಾಕ್ತು. ಹಕ್ಕು ಹೋಯ್ತು, ಹೆಸರಿಗೆ ಯಾರೂ ಕೈ ಹಾಕ್ಲಿಲ್ಲ.

ಈಗ ನಿಮ್ಮ ಮನೆ ವಿಷಯ, ಅಜ್ಜಂಗಿದ್ದ ಹೆಗಡೆ ಅಪ್ಪಂಗೆ ಯಾಕೆ ಇಲ್ಲ ಅನ್ನೋದು. ತಾಳಗುಪ್ಪದಿಂದ ಸಿದ್ದಾಪುರ ಎಷ್ಟು ಹತ್ರ ಅಂತ ನಿಮಗೇ ಗೊತ್ತು. ಆದ್ರೆ 1956ರವರೆಗೆ ಆ ಗಡಿ ಎರಡು ರಾಜ್ಯದ ಗಡಿ. ಉತ್ತರ ಕನ್ನಡನ 1862ರಲ್ಲಿ ಮದ್ರಾಸಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ರು, ಅಲ್ಲಿ ಶಾಲೆ, ಕಚೇರಿ ಎಲ್ಲ ಕಡೆ ಮುಂಬೈ ಪದ್ಧತಿ, ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಸಿದ್ದಾಪುರದ ದೊಡ್ಮನೆಯವರಾದ ಮಾಜಿ ಮುಖ್ಯಮಂತ್ರಿಗಳ ಪೂರ್ತಿ ಹೆಸರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಗಡಿ ದಾಟಿ ಈಚೆ ಬಂದ್ರೆ ಮೈಸೂರು ಸಂಸ್ಥಾನ, ಇಲ್ಲಿ ಊರಿಂದೋ ಅಪ್ಪಂದೋ ಇನಿಶಿಯಲ್ ಮುಂದೆ, ಹೆಸರು ಕೊನೆಗೆ, ಅಲ್ಲಿಗೆ ಮುಗೀತು. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಅಂದ್ರೆ ಕುಂಟಗೋಡು ವಿಭೂತಿ ಸುಬ್ಬಣ್ಣ, ಕುಂಟಗೋಡು ಊರಿನ ಹೆಸರು. ಇಬ್ರೂ ಹವ್ಯಕರೇ, ಒಬ್ರ ಹೆಸರು ಕೇಳಿದ್ರೆ ಹೆಗಡೇರು ಅಂತ ಗೊತ್ತಾಗುತ್ತೆ, ಇನ್ನೊಬ್ರದ್ದು ಕೇಳಿದ್ರೆ ಅಡ್ಡಹೆಸರಿನ ಸುಳಿವೇ ಇಲ್ಲ. ತೀರ್ಥಹಳ್ಳಿ ಕಡೆನೂ ಹಾಗೇ, ಕುಪ್ಪಳಿ ವೆಂಕಟಪ್ಪ ಗೌಡರ ಮಗ ಕೆ.ವಿ. ಪುಟ್ಟಪ್ಪ, ಗೌಡ ಅನ್ನೋದು ಬಿಟ್ಟೇ ಹೋಗಿದೆ. ನಿಮ್ಮ ಅಜ್ಜ ಊರಲ್ಲಿದ್ದೋರು, ಎಲ್ರೂ ಹೆಗಡೇರೇ ಅಂತ ಕರೀತಿದ್ರು, ಹಾಗೇ ಬರ್ಕೊಂಡ್ರು. ಅಪ್ಪನ್ನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಮೈಸೂರು ಪದ್ಧತಿಯಲ್ಲಿ ಬರೆದಿರ್ತಾರೆ. ನೀವು ಕಂಪನಿ ಸೇರುವಾಗ ಫಾರಂನಲ್ಲಿ ಲಾಸ್ಟ್ ನೇಮ್ ಖಾಲಿ ಬಿಟ್ರೆ ಕಂಪ್ಯೂಟರ್ ಮುಂದೆ ಹೋಗಲ್ಲ, ಮತ್ತೆ ಅಜ್ಜನ ಹೆಗಡೆ ಬೇಕಾಯ್ತು. ಸಾಗರ, ಹೊಸನಗರ ಕಡೆಯ ಎಷ್ಟೋ ಹುಡುಗರು ಹೀಗೆ ತಲೆಮಾರು ಬಿಟ್ಟು ಹೆಗ್ಡೆ ಆಗಿದಾರೆ, ಬೆಂಗಳೂರಲ್ಲೂ ಹೊರದೇಶದಲ್ಲೂ ಈ ಹೆಸರು ಜಾಸ್ತಿ ಕಿವಿಗೆ ಬೀಳೋಕೆ ಅದೂ ಒಂದು ಕಾರಣ.

ಹೆಸರುವಾಸಿ ಆಗಿದ್ದು ಮಾತ್ರ ಆ ಆ ಹೊತ್ತಿನ ದೊಡ್ಡ ವ್ಯಕ್ತಿಗಳಿಂದ. ಲೋಕಸಭೆಯ ಸ್ಪೀಕರ್ ಆಗಿದ್ದ ಕೆ.ಎಸ್. ಹೆಗ್ಡೆ, ಲೋಕಾಯುಕ್ತರಾಗಿದ್ದ ಅವರ ಮಗ ಸಂತೋಷ್ ಹೆಗ್ಡೆ, ಇವರು ಕಾರ್ಕಳ ಸೀಮೆಯವರು. ಯಕ್ಷಗಾನದಲ್ಲಿ 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆ, ಅವರ ಮಗ ಶಂಭು ಹೆಗಡೆ, ಆಮೇಲೆ ಚಿಟ್ಟಾಣಿ ರಾಮಚಂದ್ರ ಹೆಗಡೆ. ಇಲ್ಲಿ ಒಂದು ಮಾತು, ಕೆರೆಮನೆ, ಚಿಟ್ಟಾಣಿ ಅಂತ ಮುಂದೆ ಇದೆಯಲ್ಲ, ನಿಜವಾಗಿ ಜನ ಗುರುತಿಡೋದು ಅದರಿಂದ. ಚಿಟ್ಟಾಣಿ ಕುಣಿತ ಅಂತಾರೆ, ಹೆಗಡೆ ಕುಣಿತ ಅಂತ ಯಾರೂ ಅನ್ನಲ್ಲ. ಊರಲ್ಲಿ ಹತ್ತು ಮನೆಯಲ್ಲಿ ಎಂಟು ಹೆಗಡೆ ಇದ್ದಾಗ ಹೆಗಡೆ ಅಂದ್ರೆ ಏನು ಗೊತ್ತಾಗುತ್ತೆ, ಮೇಲಿನಮನೆ, ಕೆಳಗಿನಮನೆ, ಹೊಸಮನೆ, ಹೊಳೆಬದಿ ಅಂತ ಮನೆ ಹೆಸರು ಹೇಳಿದ್ರೇನೇ ಪೋಸ್ಟ್‌ಮ್ಯಾನಿಗೂ ದಾರಿ. ಆದ್ದರಿಂದ ನಿಮ್ಮ ಮೂಲ ಹುಡುಕೋದಾದ್ರೆ ಹೆಗಡೆ ಹಿಡ್ಕೊಂಡು ಹೋಗಬೇಡಿ, ಸಿಗಲ್ಲ. ಮನೆ ಹೆಸರು, ಗೋತ್ರ, ಕುಲದೇವರು, ಯಾವ ಊರಿಂದ ಬಂದು ಇಲ್ಲಿ ತೋಟ ಮಾಡಿದ್ರು, ಇದನ್ನ ಅಮ್ಮನ್ನ, ಅತ್ತೆಯಂದಿರನ್ನ ಕೇಳಿ ಬರ್ಕೊಳ್ಳಿ. ಗಂಡಸರಿಗಿಂತ ಅವರಿಗೆ ಜಾಸ್ತಿ ನೆನಪಿರುತ್ತೆ, ಇದು ನನ್ನ ಅನುಭವ. ಅಟ್ಟದ ಮೇಲೆ ಹಳೇ ಕಂದಾಯದ ರಶೀದಿ, ಕ್ರಯಪತ್ರ, ಜಾತಕದ ಕಟ್ಟು ಇದ್ರೆ ಗೆದ್ದಲು ತಿನ್ನೋ ಮೊದಲು ಕೆಳಗಿಳಿಸಿ, ಈ ಮಳೆಗಾಲ ಕಾಯಬೇಡಿ.

ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಒಂದು ಜಿ, ಎರಡು ಜಿ, ಮಧ್ಯ ಎ ಇರೋದು ಇಲ್ಲದಿರೋದು, ಯಾವುದೂ ತಪ್ಪಲ್ಲ, ಆದ್ರೆ ಮಗಳದ್ದು ಎಲ್ಲಾ ಕಡೆ ಒಂದೇ ಥರ ಇರಲಿ. ನನ್ನ ಒಂದು ದಾಖಲೆಯಲ್ಲಿ ಕಚೇರಿಯವರು ಒಂದಕ್ಷರ ಬಿಟ್ಟು ಟೈಪ್ ಮಾಡಿದ್ದಕ್ಕೆ ಪೆನ್ಷನ್ ಹೊತ್ತಲ್ಲಿ ನಾಲ್ಕು ತಿಂಗಳು ಅಲೆದಿದೀನಿ.

ಕಡೇದಾಗಿ ಆ ಕಲ್ಲು. ನೀವು ಕೆತ್ತಿದ ಕಲ್ಲು ಅಂದಿದ್ದಕ್ಕೆ ಅದು ವೀರಗಲ್ಲು ಇರಬಹುದು ಅನ್ಸುತ್ತೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಕೆಲವು ಸಲ ದನಗಳು, ನಡುವಿನದ್ರಲ್ಲಿ ಅಪ್ಸರೆಯರು ವೀರನ್ನ ಎತ್ಕೊಂಡು ಹೋಗೋದು, ಮೇಲೆ ಶಿವಲಿಂಗ, ಹೀಗಿದ್ಯಾ ನೋಡಿ. ಒಂದು ಹೆಂಗಸಿನ ಬಳೆ ತೊಟ್ಟ ಕೈ ಎತ್ತಿದ ಹಾಗೆ ಕೆತ್ತಿದ್ರೆ ಅದು ಮಾಸ್ತಿಕಲ್ಲು. ಪಟ್ಟಿಗಳ ಮಧ್ಯೆ ಅಕ್ಷರ ಇದ್ರೆ ಅದರಲ್ಲಿ ಯಾವ ಅರಸನ ಕಾಲ, ಯಾರು ಸತ್ತಿದ್ದು ಅಂತ ಇರುತ್ತೆ, ಅಲ್ಲಿ ಹೆಗ್ಗಡೆ ಅನ್ನೋ ಮಾತು ಬಂದ್ರೂ ಆಶ್ಚರ್ಯ ಇಲ್ಲ. ಬಂದ್ರೂ ಅವನು ನಿಮ್ಮ ಮುತ್ತಜ್ಜ ಅಂತ ಆಗಲ್ಲ, ಆ ಕಾಲದಲ್ಲಿ ಆ ಸೀಮೆಗೆ ಹೆಗ್ಗಡೆ ಆಗಿದ್ದವನು ಯಾವ ಜನದವನಾದ್ರೂ ಆಗಿರಬಹುದು, ನಿಮ್ಮ ಅಜ್ಜನ ಬಾಯಲ್ಲಿ ಆ ಹೆಸರು ಉಳಿದಿರೋದು ಮಾತ್ರ ತುಂಬಾ ಬೆಲೆಬಾಳೋ ವಿಷಯ. ದಯವಿಟ್ಟು ಅದಕ್ಕೆ ಎಣ್ಣೆ, ಪೇಂಟ್ ಏನೂ ಹಚ್ಚಬೇಡಿ, ತಂತಿ ಬ್ರಶ್ಶಲ್ಲಿ ಉಜ್ಜಬೇಡಿ, ಪಾಚಿ ಇದ್ರೆ ಬರೀ ನೀರು ಹಾಕಿ ತೆಂಗಿನ ನಾರಲ್ಲಿ ಮೆಲ್ಲಗೆ ಒರೆಸಿದ್ರೆ ಸಾಕು. ಬೆಳಗ್ಗೆ ಏಳೂವರೆ ಎಂಟಕ್ಕೆ, ಇಲ್ಲಾ ಸಂಜೆ ಐದಕ್ಕೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೀರಿ, ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣೋದೇ ಇಲ್ಲ. ಎದುರಿಂದ ಒಂದು, ಒಂದೊಂದು ಪಟ್ಟಿ ಹತ್ರದಿಂದ ಒಂದೊಂದು, ಕಲ್ಲಿನ ಪಕ್ಕ ಮಗಳನ್ನ ನಿಲ್ಲಿಸಿ ಇನ್ನೊಂದು, ಎತ್ತರ ಗೊತ್ತಾಗುತ್ತೆ. ಕಳಿಸಿಕೊಡಿ, ಅಕ್ಷರ ಸವೆದಿದ್ರೂ ಪರವಾಗಿಲ್ಲ, ಕೂತು ಓದೋಣ.